ಡಬ್ಬಿ ತುಂಬ ಕಜ್ಜಾಯ, ಕೊಡೋಕೆ ಯಾರೂ ಇಲ್ಲ: ಒಂಟಿತನದ ಬಗ್ಗೆ ಒಬ್ಬ ಕ್ರೈಸ್ತ ನರ್ಸ್ ಮಾತು

(ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಬಸ್ಸಲ್ಲಿ ಕಿಟಕಿ ಪಕ್ಕ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೆ, ಅಡುಗೆಮನೆಯಲ್ಲಿ ಫೋನನ್ನ ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಕೇಳ್ತಿರೋರಿಗೆ, ಮತ್ತೆ ನೈಟ್ ಡ್ಯೂಟಿಯಲ್ಲಿ ನಿದ್ದೆ ತಡ್ಕೊಳ್ಳೋಕೆ ಇದನ್ನ ಹಚ್ಚಿಕೊಂಡಿರೋ ನನ್ನ ಜಾತಿಯವರಿಗೆ. ಜಾತಿ ಅಂದ್ರೆ ನರ್ಸ್‌ಗಳು.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ವಯಸ್ಸು ಮೂವತ್ತೊಂದು, ಮದುವೆ ಆಗಿಲ್ಲ. ಹುಟ್ಟಿ ಬೆಳೆದಿದ್ದು ಭದ್ರಾವತಿ. ಮೊದಲನೇ ಪೋಸ್ಟಿಂಗ್ ಜಗಳೂರು ತಾಲ್ಲೂಕು, ಈಗ ಹೊನ್ನಾಳಿ ಕಡೆ ಇದೀನಿ. ನಾನು ಕ್ರೈಸ್ತಳು. ಇದನ್ನ ಮೊದಲೇ ಯಾಕೆ ಹೇಳ್ತಿದೀನಿ ಅಂದ್ರೆ, ಇವತ್ತಿನ ಮಾತಿಗೂ ಅದಕ್ಕೂ ಸಂಬಂಧ ಇದೆ. ನಮ್ಮೂರ ಕಡೆ ನರ್ಸ್‌ಗೂ ಸಿಸ್ಟರ್ ಅಂತಾರೆ, ಮಠದಲ್ಲಿರೋ ಕನ್ಯಾಸ್ತ್ರೀಗೂ ಸಿಸ್ಟರ್ ಅಂತಾರೆ. ಜಗಳೂರಿಗೆ ಹೋದ ಮೊದಲ ತಿಂಗಳು ಒಬ್ಬ ಅಜ್ಜಿ ನನ್ನ ಹೆಸರು ಕೇಳಿ, "ಸಿಸ್ಟರು, ಅದರಾಗೂ ಕ್ರಿಶ್ಚಿಯನ್ನು, ಹಂಗಾರೆ ನೀನು ಲಗ್ನ ಆಗಂಗಿಲ್ಲ ಬಿಡವ್ವ" ಅಂತ ನನ್ನ ಭವಿಷ್ಯವನ್ನೇ ತೀರ್ಮಾನ ಮಾಡಿಬಿಟ್ಟಿದ್ರು. ನಕ್ಕಿದ್ದೆ. ರಾತ್ರಿ ರೂಮಿಗೆ ಬಂದು ಬಾಗಿಲು ಹಾಕ್ಕೊಂಡ ಮೇಲೆ ನಗು ಬರಲಿಲ್ಲ.

ಆ ವರ್ಷದ ಕ್ರಿಸ್‌ಮಸ್ಸಿಂದ ಶುರು ಮಾಡ್ತೀನಿ.

ನನಗೆ ರಜೆ ಸಿಗಲಿಲ್ಲ. ಹೊಸಬಳು, ಡ್ಯೂಟಿ ಪಟ್ಟಿಯಲ್ಲಿ ಕೊನೇ ಹೆಸರು. ಅಮ್ಮ ಭದ್ರಾವತಿಯಿಂದ ಒಂದು ಸ್ಟೀಲ್ ಡಬ್ಬಿ ತುಂಬ ಕಜ್ಜಾಯ ಮಾಡಿ, ದಾವಣಗೆರೆಗೆ ಬರ್ತಿದ್ದ ಪರಿಚಯದವರ ಕೈಲಿ ಕಳಿಸಿದ್ರು. ನಲವತ್ತು ಇದ್ವು, ಎಣಿಸಿದ್ದೆ. ನಮ್ಮ ಭದ್ರಾವತಿ ಮನೆಯಲ್ಲಿ ಆ ಡಬ್ಬಿ ಒಂದು ದಿನವೂ ಉಳಿಯುತ್ತಿರಲಿಲ್ಲ. ಅಪ್ಪ ಕಾಗದದ ಕಾರ್ಖಾನೆಯಲ್ಲಿದ್ದವರು. ಕ್ವಾರ್ಟರ್ಸ್‌ನಲ್ಲಿ ಆಚೆ ಮನೆ ಲಿಂಗಾಯತರದ್ದು, ಈಚೆ ಮನೆ ಸಾಬರದ್ದು, ಎದುರುಗಡೆ ತಮಿಳಿನವರು. ಡಿಸೆಂಬರ್ 25ರ ಬೆಳಿಗ್ಗೆ ತಟ್ಟೆ ಮೇಲೆ ಕ್ರೋಷಾ ಬಟ್ಟೆ ಮುಚ್ಚಿಕೊಂಡು ಮನೆಮನೆಗೆ ಓಡೋದೇ ನಮ್ಮ ಕೆಲಸ. ತಟ್ಟೆ ಯಾವತ್ತೂ ಖಾಲಿ ವಾಪಸ್ ಬರ್ತಿರಲಿಲ್ಲ, ಕೊನೇಪಕ್ಷ ನಾಲ್ಕು ಚಮಚ ಸಕ್ಕರೆ ಹಾಕಿ ಕೊಡೋರು. ಗೆಳೆತನ ಅಂದ್ರೆ ಹುಡುಕಿಕೊಂಡು ಹೋಗೋ ವಸ್ತು ಅಂತ ನನಗೆ ಗೊತ್ತೇ ಇರಲಿಲ್ಲ. ನಲ್ಲಿ ನೀರಿನ ಥರ, ಅದು ಬರ್ತಿತ್ತು ಅಷ್ಟೇ.

ಜಗಳೂರಿನಲ್ಲಿ ಆ ಡಬ್ಬಿಯನ್ನ ಗೂಡಿನ ಮೇಲಿಟ್ಟೆ. ಕೆಳಗಡೆ ಮನೆ ಓನರ್ ಅಮ್ಮ ಇದ್ರು. ಕೊಡೋಣ ಅಂತ ಎರಡು ಸಲ ಮೆಟ್ಟಿಲವರೆಗೆ ಹೋದೆ. ಆದರೆ ತಲೆಯಲ್ಲಿ ಏನೇನೋ ಓಡೋಕೆ ಶುರುವಾಯ್ತು. ನಮ್ಮ ಹಬ್ಬದ ತಿಂಡಿ ಕೊಟ್ರೆ ಏನಂದ್ಕೋತಾರೋ? ಇಸ್ಕೊಂಡು ದನಕ್ಕೆ ಹಾಕಿಬಿಟ್ರೆ? 'ಇವಳು ನಮ್ಮನ್ನ ಅವರ ಕಡೆ ಎಳೀತಿದಾಳೆ' ಅಂದ್ರೆ? 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರದ ಕಾಯ್ದೆ ಬಂದ ಸಮಯದ ಮಾತುಕತೆಗಳು ನಿಮಗೆ ನೆನಪಿರಬಹುದು. ಕಾಯ್ದೆ ಸರಿಯೋ ತಪ್ಪೋ ಅನ್ನೋ ಚರ್ಚೆಗೆ ನಾನು ಬಂದಿಲ್ಲ. ನನ್ನಂಥ ಒಂಟಿ ಹುಡುಗಿ ತಲೆಯೊಳಗೆ ಅದು ಏನು ಮಾಡ್ತು ಅಂತ ಮಾತ್ರ ಹೇಳ್ತೀನಿ. ಯಾರನ್ನಾದ್ರೂ ಟೀಗೆ ಕರೆಯೋಕೆ ಮುಂಚೆಯೂ ಎರಡು ಸಲ ಯೋಚನೆ ಮಾಡೋ ಹಾಗೆ ಆಯ್ತು. ಯಾರೂ ಏನೂ ಅಂದಿರಲಿಲ್ಲ. ನಾನೇ ಎಲ್ಲರ ಪರವಾಗಿ ಅಂದ್ಕೊಂಡಿದ್ದೆ.

ದಿನಕ್ಕೊಂದರಂತೆ ತಿಂದೆ. ಜನವರಿ ಎರಡನೇ ವಾರ ಓನರ್ ಅಮ್ಮ ಕರೆಂಟ್ ಬಿಲ್ಲಿನ ದುಡ್ಡು ಕೇಳೋಕೆ ಮೇಲೆ ಬಂದ್ರು. ಡಬ್ಬಿ ತೆಗೆದಿಟ್ಟಿತ್ತು. "ಏನ್ರೀ ಸಿಸ್ಟರಮ್ಮ, ಇಷ್ಟು ಕಜ್ಜಾಯ ಒಬ್ರೇ ತಿಂತೀರಾ? ದೀಪಾವಳಿಗೆ ನಿಮಗೆ ಕರ್ಜಿಕಾಯಿ ಕೊಟ್ಟಿದ್ನೋ ಇಲ್ವೋ?" ಅಂದ್ರು. ನಾನು, ಈಗ ಗಟ್ಟಿಯಾಗಿದಾವೆ ಅಂದೆ. "ಹಾಲಾಗ ನೆನಸಿ ತಿಂದ್ರಾತು, ಕೊಡ್ರಿಲ್ಲಿ" ಅಂತ ಹತ್ತೋ ಹನ್ನೆರಡೋ ಸೆರಗಿಗೆ ಹಾಕ್ಕೊಂಡು ಕೆಳಗೆ ಹೋದ್ರು. ಬಿಲ್ಲಿನ ದುಡ್ಡು ಇಸ್ಕೊಳ್ಳೋದನ್ನೇ ಮರೆತ್ರು. ಮರುದಿನ ಬಂದು ಇಸ್ಕೊಂಡ್ರು, ಅದು ಬೇರೆ ವಿಷಯ.

ಒಂಟಿತನ ಅನ್ನೋದನ್ನ ಈಗ ದೊಡ್ಡ ದೊಡ್ಡ ಸಂಸ್ಥೆಗಳೇ ಕಾಯಿಲೆಗಳ ಸಾಲಲ್ಲಿ ಇಟ್ಟು ಮಾತಾಡ್ತಿವೆ. ವಿವೇಕ್ ಮೂರ್ತಿ ಹೆಸರು ಕೇಳಿರ್ತೀರಿ, ಅಮೆರಿಕದ ಸರ್ಜನ್ ಜನರಲ್ ಆಗಿದ್ದವರು. ಅವರ ಮನೆತನ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯದ್ದು. 2023ರ ಮೇ ತಿಂಗಳಲ್ಲಿ ಅವರು ಒಂಟಿತನದ ಬಗ್ಗೆಯೇ ಒಂದು ಸರ್ಕಾರಿ ಎಚ್ಚರಿಕೆ ಹೊರಡಿಸಿದ್ರು. ಜನರ ಒಡನಾಟ ಇಲ್ಲದ ಬದುಕು ದಿನಕ್ಕೆ 15 ಸಿಗರೇಟ್ ಸೇದಿದಷ್ಟು ಕೆಡುಕು ಮಾಡಬಹುದು ಅಂತ ಅದರಲ್ಲಿ ಬರೆದಿದ್ರು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ವರದಿ ಪ್ರಕಾರ ಜಗತ್ತಿನ ಪ್ರತಿ 6 ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡ್ತಿದೆ, ಅದರಲ್ಲೂ ಹದಿಹರೆಯದವರಿಗೆ, ಯುವಜನರಿಗೆ ಹೆಚ್ಚು. ಇದನ್ನ ಓದಿದಾಗ ನನಗೆ ಒಂಥರಾ ಸಮಾಧಾನ ಆಯ್ತು. ಅಲ್ಲಿವರೆಗೂ ಇದು ನನ್ನ ನಂಬಿಕೆಯ ಕೊರತೆ ಅಂದ್ಕೊಂಡಿದ್ದೆ.

ಹೌದು, ನಮ್ಮಲ್ಲಿ ಇದೊಂದು ಮಾತಿದೆ. ಕ್ರೈಸ್ತ ಹುಡುಗಿ "ನನಗೆ ಒಂಟಿ ಅನ್ಸುತ್ತೆ" ಅಂದ ತಕ್ಷಣ, "ಯೇಸು ಸ್ವಾಮಿ ನಿನ್ನ ಜೊತೆ ಇದ್ದಾರಲ್ಲಮ್ಮ, ಪ್ರಾರ್ಥನೆ ಮಾಡು" ಅನ್ನೋ ಉತ್ತರ ಬರುತ್ತೆ. ಹೇಳೋರು ಪ್ರೀತಿಯಿಂದಲೇ ಹೇಳ್ತಾರೆ. ಪ್ರಾರ್ಥನೆ ಮಾಡಬೇಡ ಅಂತ ನಾನೂ ಹೇಳಲ್ಲ, ದಿನಾ ಮಾಡ್ತೀನಿ. ಆದರೆ ಬೈಬಲ್ಲನ್ನೇ ತೆಗೆದು ನೋಡಿ. ಆದಿಕಾಂಡದಲ್ಲಿ ಆದಾಮನ ಜೊತೆ ದೇವರು ಇದ್ದೇ ಇದ್ರು. ಆದ್ರೂ ಇವನು ಒಬ್ಬನೇ ಇರೋದು ಒಳ್ಳೇದಲ್ಲ ಅಂತ ದೇವರೇ ಅಂದ್ಕೊಂಡ್ರು. ಪೌಲ ಜೈಲಿನಿಂದ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆ ನೋಡಿ. ಅಷ್ಟು ದೊಡ್ಡ ದೇವಮನುಷ್ಯ, ಬೇಗ ಬಾ, ಚಳಿಗಾಲಕ್ಕೆ ಮುಂಚೆ ಬಾ, ಬರೋವಾಗ ನನ್ನ ಮೇಲಂಗಿ ತಗೊಂಡು ಬಾ ಅಂತ ಬೇಡ್ಕೋತಾನೆ. ನನ್ನ ಜೊತೆ ಲೂಕ ಒಬ್ಬನೇ ಇದ್ದಾನೆ ಅಂತಲೂ ಬರೀತಾನೆ. ಪೌಲನಿಗೇ ಮನುಷ್ಯರು ಬೇಕಾಗಿದ್ರು ಅಂದ್ಮೇಲೆ ಜಗಳೂರಿನ ನರ್ಸ್‌ಗೆ ಬೇಡವಾ?

ನಮ್ಮ ಪರಿಸ್ಥಿತಿ ಇನ್ನೊಂದು ಥರ ಕಷ್ಟ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಎರಡೂ ಇಲ್ಲ, 1.87. ಅದರಲ್ಲಿ ಹೆಚ್ಚಿನವರು ಕರಾವಳಿ, ಬೆಂಗಳೂರು ಕಡೆ. ದಾವಣಗೆರೆ ಜಿಲ್ಲೆಯಲ್ಲಿ ನೂರಕ್ಕೆ ಒಂದೂ ಇಲ್ಲ. ಅಂದ್ರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ಯಾವ ಪೇಟೆಯಲ್ಲಿ ಕೆಲಸಕ್ಕೆ ಬಂದ್ರೂ ನಿಮ್ಮ ಥರದವರು ಪಕ್ಕದ ಬೀದಿಯಲ್ಲಿ ಸಿಗೋದು ಲಾಟರಿ ಹೊಡೆದ ಹಾಗೆ. ಸಿಕ್ಕಿದ್ರೂ ಅವರು ಬೇರೆ ಸಭೆ. ನಾನು ಸಿ.ಎಸ್.ಐ., ಅವರು ಕ್ಯಾಥೊಲಿಕ್, ಇನ್ನೊಬ್ಬರು ಪೆಂತೆಕೋಸ್ತ್. ಇರೋ ನಾಲ್ಕು ಜನರಲ್ಲೂ ಮೂರು ಬಾಗಿಲು.

ನಾಲ್ಕೂ ತಾಲ್ಲೂಕುಗಳ ಒಂಟಿತನ ಒಂದೇ ಥರ ಇರಲ್ಲ, ಇದು ನಾನು ಓಡಾಡಿ ಕಲಿತದ್ದು. ಜಗಳೂರು ಬರದ ಸೀಮೆ. ಮಳೆ ಕೈಕೊಟ್ಟ ವರ್ಷ ಜನ ದುಡಿಮೆಗೆ ಅಂತ ಊರು ಬಿಡ್ತಾರೆ. ಇವತ್ತು ಪರಿಚಯ ಆದ ಬಾಣಂತಿ ಮೂರು ತಿಂಗಳ ಚುಚ್ಚುಮದ್ದಿಗೆ ಬರೋ ಹೊತ್ತಿಗೆ ಬೆಂಗಳೂರಲ್ಲಿರ್ತಾಳೆ. ಚನ್ನಗಿರಿ ಅಡಿಕೆ ಸೀಮೆ. ಅಲ್ಲಿ ಕೊಯ್ಲಿನ ಕಾಲಕ್ಕೆ ಹೆಂಗಸರು ಸಾಲಾಗಿ ಕೂತು ರಾತ್ರಿವರೆಗೂ ಅಡಿಕೆ ಸುಲೀತಾರೆ. ಆ ಮಾತು, ಆ ನಗು, ಆ ಜಗಳ! ಒಂದು ಸಲ ಸುಮ್ಮನೆ ಹೋಗಿ ಕೂತಿದ್ದೆ, ಮೂರು ಗಂಟೆ ಫೋನ್ ತೆಗೆದಿರಲಿಲ್ಲ. ಆದರೆ ಕೆಲಸಕ್ಕೆ ಅಂತ ಹೊರಗಿನಿಂದ ಬಂದ ಟೀಚರ್, ನರ್ಸ್, ಬ್ಯಾಂಕಿನವರಿಗೆ ಆ ಸಾಲಲ್ಲಿ ಜಾಗ ಇಲ್ಲ. ನಮ್ಮನ್ನ ಕುರ್ಚಿ ಹಾಕಿ ಕೂರಿಸ್ತಾರೆ. ಕುರ್ಚಿ ಮೇಲೆ ಕೂತವರಿಗೆ ಯಾರು ಗುಟ್ಟು ಹೇಳ್ತಾರೆ? ನ್ಯಾಮತಿ, ಹೊನ್ನಾಳಿಯಿಂದ ಬೇರೆಯಾದ ಹೊಸ ತಾಲ್ಲೂಕು, ಸಣ್ಣ ಊರು. ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಸುರಗೊಂಡನಕೊಪ್ಪ ಇರೋದು ಆ ಕಡೆಯೇ, ಬಂಜಾರರ ಸೇವಾಲಾಲ್ ಜಯಂತಿಗೆ ಜನ ಸೇರ್ತಾರಲ್ಲ ಅಲ್ಲಿ. ಅಲ್ಲಿನ ಒಂದು ತಾಂಡಾದ ನನ್ನ ಗೆಳತಿ ಇದ್ದಾಳೆ. ಅವಳ ಮನೆಯವರು ಅವಳು ಚಿಕ್ಕವಳಿದ್ದಾಗಿನಿಂದಲೇ ಪ್ರಾರ್ಥನೆಗೆ ಹೋಗ್ತಾರೆ. ಸಂಬಂಧಿಕರು ಮಾತು ಬಿಟ್ಟಿಲ್ಲ, ಆದರೆ ಮದುವೆಗೆ ಹೇಳಿಕಳಿಸೋದು ಬಿಟ್ಟಿದ್ದಾರೆ. ಇಡೀ ಊರಿಗೆ ಪರಿಚಯ ಇರೋ ಹುಡುಗಿ, ಹಾಡು ಬಂದ್ರೆ ಕುಣಿಯೋಕೆ ಕಾಲು ತಡೆಯಲ್ಲ ಅವಳಿಗೆ. ಡೋಲಿನ ಸದ್ದು ಕೇಳಿಸಿಕೊಂಡು ಮನೆಯೊಳಗೆ ಕೂತಿರ್ತೀನಿ ಅಂತಾಳೆ. ನನ್ನದು ಗುರುತಿಲ್ಲದವರ ನಡುವಿನ ಒಂಟಿತನ ಆಗಿತ್ತು. ಅವಳದ್ದು ನನ್ನದಕ್ಕಿಂತ ಕಷ್ಟದ್ದು ಅನ್ಸುತ್ತೆ.

ಈಗ ಸ್ವಲ್ಪ ಕಷ್ಟದ ಭಾಗ. ಇದರಲ್ಲಿ ನನ್ನದೂ ತಪ್ಪಿದೆ.

ಜಗಳೂರಿನಲ್ಲಿ ಇದ್ದಾಗ ಭಾನುವಾರ ಬಸ್ ಹಿಡಿದು ಸುಮಾರು ಒಂದೂವರೆ ಗಂಟೆ ದೂರದ ಒಂದು ಸಭೆಗೆ ಹೋಗ್ತಿದ್ದೆ. ಊರಿನ ಹೆಸರು, ಸಭೆಯ ಹೆಸರು ಬೇಡ. ಅಲ್ಲೊಬ್ಬರು ಅಕ್ಕ ಇದ್ರು, ನನಗಿಂತ ಹನ್ನೆರಡು ವರ್ಷ ದೊಡ್ಡವರು. ಆರಾಧನೆ ಮುಗಿದ ಮೇಲೆ ಊಟಕ್ಕೆ ಮನೆಗೆ ಕರ್ಕೊಂಡು ಹೋಗೋರು. ಅವರ ಮನೆಯ ಸಾರು, ಅವರ ಮಂಚದ ಮೇಲೆ ಮಧ್ಯಾಹ್ನದ ನಿದ್ದೆ, ಸಂಜೆ ಬಸ್ಸಿಗೆ ಬಿಡುವಾಗ ಬ್ಯಾಗಿಗೆ ಹಾಕಿ ಕೊಡ್ತಿದ್ದ ನಿಂಬೆಹಣ್ಣು. ಆ ಒಂದು ವರ್ಷ ನಾನು ಬದುಕಿದ್ದೇ ಭಾನುವಾರಗಳಿಂದ.

ಆಮೇಲೆ ನನಗೊಂದು ಮದುವೆ ಗೊತ್ತಾಗಿ ಮುರೀತು. ಕಾರಣ ಇಲ್ಲಿ ಬೇಡ. ನಾನು ಅಕ್ಕನಿಗೆ ಮಾತ್ರ ಹೇಳಿ ಅತ್ತೆ. ಮುಂದಿನ ಬುಧವಾರದ ಪ್ರಾರ್ಥನಾ ಕೂಟದಲ್ಲಿ ಅಕ್ಕ ಅದನ್ನ ಪ್ರಾರ್ಥನೆಯ ವಿಷಯ ಅಂತ ಎಲ್ಲರ ಮುಂದೆ ಇಟ್ಟುಬಿಟ್ರು. ಹೆಸರು ಹೇಳಲಿಲ್ಲವಂತೆ. ಆದರೆ ಜಗಳೂರಿನಿಂದ ಬರೋ ನರ್ಸ್ ಎಷ್ಟು ಜನ ಇರ್ತಾರೆ? ಭಾನುವಾರ ನಾನು ಹೋದಾಗ ಪರಿಚಯವೇ ಇಲ್ಲದ ಒಬ್ಬ ಆಂಟಿ ಬಂದು ತಬ್ಬಿಕೊಂಡು, "ದೇವರು ಇದಕ್ಕಿಂತ ಒಳ್ಳೆ ಹುಡುಗನ್ನ ಇಟ್ಟಿರ್ತಾರೆ ಮಗಳೇ" ಅಂದ್ರು. ನನಗೆ ಕಾಲ ಕೆಳಗಿನ ನೆಲ ಸರಿದ ಹಾಗಾಯ್ತು.

ನಾನು ಜಗಳ ಆಡಲಿಲ್ಲ. ಜಗಳ ಆಡಿದ್ದಿದ್ರೆ ಒಳ್ಳೇದಿತ್ತು. ಅಲ್ಲಿಗೆ ಹೋಗೋದು ನಿಲ್ಲಿಸಿದೆ, ಅಕ್ಕನ ಫೋನ್ ಎತ್ತೋದು ನಿಲ್ಲಿಸಿದೆ. ಅವರು ಮೊದಮೊದಲು ದಿನಾ ಮಾಡಿದ್ರು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಹಬ್ಬಕ್ಕೆ ಒಂದು ಮೆಸೇಜು. ಎಂಟು ತಿಂಗಳು. ಆ ಎಂಟು ತಿಂಗಳಲ್ಲಿ ಅಕ್ಕನ ಅಮ್ಮ ತೀರಿಕೊಂಡ್ರು. ನನಗೆ ವಾಟ್ಸಾಪ್ ಸ್ಟೇಟಸ್‌ನಿಂದ ಗೊತ್ತಾಯ್ತು. ಆ ಅಜ್ಜಿ ನನಗೆ ಕೈಯಾರೆ ಊಟ ಬಡಿಸಿದವರು. ನಾನು ಹೋಗಲಿಲ್ಲ. ಕೈ ಮುಗಿದಿರೋ ಒಂದು ಇಮೋಜಿ ಕಳಿಸಿದೆ. ಅದನ್ನ ನೆನೆಸಿಕೊಂಡ್ರೆ ಈಗಲೂ ಕಿವಿ ಬಿಸಿ ಆಗುತ್ತೆ.

ರೂತಳ ಕಥೆ ಎಲ್ಲರಿಗೂ ಗೊತ್ತು. ಸೊಸೆ ರೂತ್, ಅತ್ತೆ ನೊವೊಮಿಯನ್ನ ಬಿಟ್ಟು ಹೋಗಲ್ಲ ಅಂತ ಹಠ ಹಿಡಿದು ಬೇತ್ಲೆಹೇಮಿಗೆ ಬರ್ತಾಳೆ. ಮದುವೆ ಕಾರ್ಡ್ ಮೇಲೂ ಅವಳ ಮಾತು ಅಚ್ಚು ಹಾಕಿಸ್ತಾರೆ, ಅದು ಅತ್ತೆಗೆ ಹೇಳಿದ್ದು ಅಂತ ಮರೆತು. ನನಗೆ ಆ ದಿನಗಳಲ್ಲಿ ಹಿಡಿದಿದ್ದು ಅದರ ನಂತರದ ಒಂದು ಸಣ್ಣ ಘಟನೆ. ಊರಿಗೆ ಬಂದ ಮೇಲೆ ಹೆಂಗಸರೆಲ್ಲ ಸೇರಿ, ಇವಳು ನೊವೊಮಿ ಅಲ್ವಾ ಅಂತಾರೆ. ಅದಕ್ಕೆ ಅವಳು, ತುಂಬಿದವಳಾಗಿ ಹೋಗಿದ್ದೆ, ದೇವರು ನನ್ನನ್ನ ಬರಿಗೈಯಲ್ಲಿ ಕರ್ಕೊಂಡು ಬಂದಿದ್ದಾರೆ ಅಂತಾಳೆ. ರೂತ್ ಪಕ್ಕದಲ್ಲೇ ನಿಂತಿದ್ದಾಳೆ! ಅಷ್ಟು ದೂರ ನಡ್ಕೊಂಡು ಬಂದ ಹುಡುಗಿ, ಅತ್ತೆ ಬಾಯಲ್ಲಿ "ಬರಿಗೈ" ಅನ್ನೋದನ್ನ ಕೇಳಿಸ್ಕೊಂಡು ಏನೂ ಅನ್ನಲಿಲ್ಲ. ಆಮೇಲೆ ಹಕ್ಕಲು ಆಯೋಕೆ ಹೋದಳು. ಓನರ್ ಅಮ್ಮನ ಕರ್ಜಿಕಾಯಿ ತಿಂದು, "ನನಗಿಲ್ಲಿ ಯಾರೂ ಇಲ್ಲ" ಅಂತ ಅಮ್ಮನ ಹತ್ರ ಫೋನಲ್ಲಿ ಅತ್ತ ನಾನೂ ನೊವೊಮಿಯೇ.

ನನಗೆ ತುಂಬ ಹತ್ತಿರ ಅನ್ಸೋ ಇನ್ನೊಬ್ಬ ಹೆಂಗಸು ಪಂಡಿತಾ ರಮಾಬಾಯಿ. ಪುಣೆ, ಮುಂಬೈಯವರು ಅಂತಲೇ ಎಲ್ಲರೂ ಅಂದ್ಕೊಂಡಿರ್ತಾರೆ. ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಲ್ಲಿ, 1858ರಲ್ಲಿ. ತುಂಗಾ, ಭದ್ರಾ ಹುಟ್ಟೋದು ಅಲ್ಲೇ. ಭದ್ರೆ ನಮ್ಮೂರಿಗೆ ಬರ್ತಾಳೆ, ಕೂಡಲಿಯಲ್ಲಿ ತುಂಗೆಯನ್ನ ಸೇರಿ ತುಂಗಭದ್ರೆ ಆಗಿ ಈಗ ನಾನಿರೋ ಹೊನ್ನಾಳಿ ಪಕ್ಕ ಹರೀತಾಳೆ. ಸಂಜೆ ಸೇತುವೆ ಹತ್ರ ನಿಂತಾಗೆಲ್ಲ ನನಗೆ ಈಕೆ ನೆನಪಾಗ್ತಾರೆ. ಕನ್ನಡ ಬರ್ತಿತ್ತು ಅವರಿಗೆ, ಊರೂರು ಸುತ್ತಿ ಕಲಿತದ್ದು.

ಅವರು ಕಳ್ಕೊಂಡವರ ಲೆಕ್ಕ ನೋಡಿ. 1870ರ ದಶಕದ ಬರದಲ್ಲಿ ಅಪ್ಪ, ಅಮ್ಮ, ಅಕ್ಕ ಸತ್ರು. ಅಣ್ಣನ ಜೊತೆ ದೇಶವೆಲ್ಲ ನಡೆದ್ರು, 1880ರಲ್ಲಿ ಅವನೂ ಹೋದ. ಬಂಗಾಳದ ವಕೀಲರೊಬ್ಬರನ್ನ ಜಾತಿ ಮೀರಿ ಮದುವೆ ಆದ್ರು, 1882ರಲ್ಲಿ ಅವರೂ ತೀರಿಕೊಂಡ್ರು. ಕೈಯಲ್ಲಿ ಎಳೆ ಮಗಳು ಮನೋರಮಾ. ಮರುವರ್ಷ ಇಂಗ್ಲೆಂಡಿಗೆ ಹೋದ್ರು, ವಾಂಟೇಜ್ ಅನ್ನೋ ಊರಲ್ಲಿ ದೀಕ್ಷಾಸ್ನಾನ ಪಡೆದ್ರು. ಇಲ್ಲಿಯವರು ನಮ್ಮವಳಲ್ಲ ಅಂದ್ರು. ಅಲ್ಲಿನ ಕೆಲವರಿಗೆ ಇವರು ಹೇಳಿದ ಹಾಗೆ ಕೇಳೋ ಕ್ರೈಸ್ತಳಾಗಲಿಲ್ಲ ಅಂತ ಕಿರಿಕಿರಿ. ಎರಡೂ ಕಡೆ ಹೊರಗಿನವಳಾಗೋದು ಅಂದ್ರೆ ಏನು ಅಂತ ನ್ಯಾಮತಿಯ ನನ್ನ ಗೆಳತಿಗೆ ವಿವರಿಸಿ ಹೇಳಬೇಕಾಗಿಲ್ಲ.

ಆದರೆ ಗೆಳೆತನಗಳನ್ನ ನೋಡಿ. ವಾಂಟೇಜಿನಲ್ಲಿ ಸಿಸ್ಟರ್ ಜೆರಾಲ್ಡೀನ್ ಅಂತ ಒಬ್ಬರು ಕನ್ಯಾಸ್ತ್ರೀ ಇವರನ್ನ ಮಗಳ ಥರ ನೋಡ್ಕೊಂಡ್ರು. ರಮಾಬಾಯಿ ಪತ್ರಗಳಲ್ಲಿ ಅವರನ್ನ ಅಜ್ಜಿ ಅನ್ನೋ ಅರ್ಥದ ಮರಾಠಿ ಮಾತಿನಿಂದಲೇ ಕರೀತಿದ್ರು. ಆ ಪತ್ರಗಳೆಲ್ಲ ಆಮೇಲೆ ಪುಸ್ತಕ ಆಗಿವೆ. ಅವುಗಳ ತುಂಬ ಜಗಳ! ಸಸ್ಯಾಹಾರ ಬಿಡಲ್ಲ ಅಂತ ಜಗಳ. ಶಿಲುಬೆ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಯಾಕಾಗಬಾರದು ಅಂತ ಜಗಳ. ಸಿದ್ಧಾಂತದ ಮೇಲೂ ಜಗಳ. ಆದ್ರೂ ಪತ್ರ ನಿಲ್ಲಲಿಲ್ಲ, ಅಜ್ಜಿ ಅನ್ನೋದು ಬಿಡಲಿಲ್ಲ. ನಾನು ಒಂದು ಬುಧವಾರದ ಪ್ರಾರ್ಥನೆಗೆ ಎಂಟು ತಿಂಗಳು ಫೋನ್ ಎತ್ತದೇ ಕೂತವಳು. ಅವರು ಪತ್ರದ ಮೇಲೆ ಪತ್ರ ಬರೆದು ಜಗಳ ಆಡಿದವರು.

ಇನ್ನೊಂದು ಗೆಳೆತನ ಆನಂದಿಬಾಯಿ ಜೋಶಿ ಜೊತೆ. 1886ರ ಮಾರ್ಚಿನಲ್ಲಿ ಆನಂದಿಬಾಯಿ ಫಿಲಡೆಲ್ಫಿಯಾದಲ್ಲಿ ಡಾಕ್ಟರ್ ಪದವಿ ತಗೊಳ್ಳೋವಾಗ, ಅದನ್ನ ನೋಡೋಕೆ ಅಂತಲೇ ರಮಾಬಾಯಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ್ರು. ಒಬ್ಬಳು ಹಿಂದೂವಾಗೇ ಉಳಿದವಳು, ಇನ್ನೊಬ್ಬಳು ಕ್ರೈಸ್ತಳಾದವಳು. ಸಭೆಯಲ್ಲಿ ತನ್ನ ಊರಿನ ಕಡೆಯ ಒಂದು ಮುಖ ಇರಲಿ ಅಂತ ಆನಂದಿಗೆ ಎಷ್ಟು ಅನ್ನಿಸಿರಬೇಕು! ಮರುವರ್ಷ ಫೆಬ್ರುವರಿಯಲ್ಲಿ ಆನಂದಿ ತೀರಿಕೊಂಡ್ರು, ಇಪ್ಪತ್ತೊಂದೇ ವಯಸ್ಸು. ಆ ಪ್ರಯಾಣವನ್ನ ರಮಾಬಾಯಿ "ಮುಂದೆ ನೋಡೋಣ" ಅಂತ ಮುಂದಕ್ಕೆ ಹಾಕಿದ್ದಿದ್ರೆ ಸಮಯವೇ ಇರ್ತಿರಲಿಲ್ಲ. ಇದನ್ನ ಓದಿದ ರಾತ್ರಿಯೇ ನಾನು ಅಕ್ಕನ ಮನೆಗೆ ಹೋಗಬೇಕು ಅಂತ ತೀರ್ಮಾನ ಮಾಡಿದ್ದು.

ಅಜ್ಜಿಯ ಸಮಾಧಿ ಆಗಿ ಮೂರು ತಿಂಗಳಾಗಿತ್ತು. ಫೋನ್ ಮಾಡದೇ ಹೋದೆ, ಮಾಡಿದ್ರೆ ಬೇಡ ಅಂತಾರೇನೋ ಅನ್ನೋ ಭಯ. ಬಾಗಿಲು ತೆಗೆದ್ರು. ಒಂದು ನಿಮಿಷ ನೋಡಿದ್ರು. "ಚಪ್ಪಲಿ ಒಳಗೆ ಬಿಡೇ, ನಾಯಿ ಎತ್ಕೊಂಡು ಹೋಗುತ್ತೆ" ಅಂದ್ರು. ಅಷ್ಟೇ. ಊಟ ಹಾಕಿದ್ರು. ಊಟ ಮುಗಿದ ಮೇಲೆ ನಾನು, ಅಕ್ಕ, ನೀವು ಅವತ್ತು ಹೇಳಬಾರದಿತ್ತು ಅಂದೆ. "ಹೌದು" ಅಂದ್ರು. ನಾನು ಅಜ್ಜಿ ಹೋದಾಗ ಬರಬೇಕಿತ್ತು ಅಂದೆ. ಅದಕ್ಕೂ "ಹೌದು" ಅಂದ್ರು. ಸಿನಿಮಾದಲ್ಲಾದ್ರೆ ಇಬ್ಬರೂ ತಬ್ಬಿಕೊಂಡು ಅಳ್ತಿದ್ವಿ. ನಾವು ಸೊಪ್ಪು ಸೋಸಿದ್ವಿ. ಮೊದಲಿನ ಹಾಗೆ ಎಲ್ಲಾ ಹೇಳ್ಕೊಳ್ಳೋಕೆ ಇನ್ನೂ ಆಗ್ತಿಲ್ಲ. ಆದರೆ ತಿಂಗಳಿಗೊಮ್ಮೆ ಹೋಗ್ತೀನಿ.

ಒಂದು ಬದಲಾವಣೆ ಮಾಡ್ಕೊಂಡೆ. ಈಗ ಯಾರ ಹತ್ರ ಏನೇ ಹೇಳ್ಕೊಂಡ್ರೂ ಮೊದಲೇ ಹೇಳ್ತೀನಿ: ಇದು ನಿಮ್ಮ ಮನೆಯ ಪ್ರಾರ್ಥನೆಗೆ ಮಾತ್ರ, ಕೂಟಕ್ಕಲ್ಲ. ಬೇರೆಯವರು ನನಗೆ ಹೇಳಿದಾಗಲೂ ಕೇಳ್ತೀನಿ, ಇದನ್ನ ಎಲ್ಲಿವರೆಗೆ ಇಟ್ಕೊಳ್ಳಲಿ ಅಂತ. ಸ್ವಲ್ಪ ಕಚೇರಿ ಥರ ಅನ್ಸುತ್ತೆ. ಇರಲಿ. ಪ್ರಾರ್ಥನೆ ಹೆಸರಲ್ಲಿ ಸುದ್ದಿ ಹಂಚೋದು ನಮ್ಮ ಸಭೆಗಳ ದೊಡ್ಡ ರೋಗ, ಇದನ್ನ ಹೇಳಿದ್ದಕ್ಕೆ ಕೆಲವರು ಬೈತಾರೆ ಅಂತ ಗೊತ್ತು.

ಹೊನ್ನಾಳಿಗೆ ಬಂದ ಮೇಲೆ ಕೆಲಸದ ಜಾಗದಲ್ಲೇ ಒಬ್ಬಳು ಗೆಳತಿ ಸಿಕ್ಕಳು, ಲ್ಯಾಬ್ ಟೆಕ್ನಿಷಿಯನ್. ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆಗೆ ಕರೆದಳು. ಇದು ನಮ್ಮಂಥವರಿಗೆ ಪ್ರತಿ ವರ್ಷದ ಪರೀಕ್ಷೆ. ಹೋಗದಿದ್ರೆ ಬೇಜಾರು, ಹೋದ್ರೆ ಅರಿಶಿನ ಕುಂಕುಮಕ್ಕೆ ಏನು ಮಾಡೋದು? ಹಳೇ ನಾನಾಗಿದ್ರೆ ಡ್ಯೂಟಿ ಇದೆ ಅಂತ ಸುಳ್ಳು ಹೇಳ್ತಿದ್ದೆ. ಈ ಸಲ ನೇರ ಹೇಳಿದೆ: "ನೋಡೇ, ಪೂಜೆಗೆ ಕೂರಲ್ಲ, ಕುಂಕುಮ ಇಟ್ಕೊಳ್ಳಲ್ಲ. ಊಟಕ್ಕೆ ಬರ್ತೀನಿ, ಬೆಳಿಗ್ಗೆನೇ ಬಂದು ಹೋಳಿಗೆ ತಟ್ಟೋಕೆ ಕೂರ್ತೀನಿ." ಅವಳು ಒಂದು ಸೆಕೆಂಡ್ ಯೋಚಿಸಿ, "ಹೂವು ಮುಡ್ಕೊಂತೀಯಾ?" ಅಂದಳು. ಹೂವಿಗೇನು, ಮುಡ್ಕೋತೀನಿ ಅಂದೆ. "ಹಂಗಾರೆ ಮುಗೀತು ಬಿಡು, ಬಾ" ಅಂದಳು. ಇಷ್ಟು ಸುಲಭ ಇತ್ತು! ನೈವೇದ್ಯದ ಊಟದ ಪ್ರಶ್ನೆ ಕೊರಿಂಥದ ಸಭೆಯವರಿಗೂ ಇತ್ತು, ಪೌಲ ಮೊದಲ ಪತ್ರದಲ್ಲಿ ಉದ್ದಕ್ಕೆ ಬರೆದಿದ್ದಾನೆ. ಅದನ್ನ ಓದಿ ನಿಮ್ಮ ಮನಸ್ಸಾಕ್ಷಿಗೆ ಬಂದ ಹಾಗೆ ಮಾಡಿ. ನಾನು ಮಾಡಿದ್ದೇ ಸರಿ ಅಂತ ಹಠ ಇಲ್ಲ. ಆದರೆ ಸುಳ್ಳು ಹೇಳಿ ತಪ್ಪಿಸ್ಕೊಳ್ಳೋದಕ್ಕಿಂತ ನಿಜ ಹೇಳಿ ಹೋಗೋದು ಅವಳಿಗೂ ಮರ್ಯಾದೆ, ನನಗೂ ಮರ್ಯಾದೆ. ಡಿಸೆಂಬರಿನಲ್ಲಿ ಅವಳು ನಮ್ಮನೆಗೆ ಬಂದು ನಕ್ಷತ್ರದ ಲೈಟ್ ಕಟ್ಟಿಕೊಟ್ಟಳು. ಪ್ರಾರ್ಥನೆ ಹೊತ್ತಿಗೆ, "ನೀವು ಮುಗಿಸ್ರಿ, ನಾನು ಟೀಗೆ ಇಡ್ತೀನಿ" ಅಂತ ಅಡುಗೆಮನೆಗೆ ಹೋದಳು.

ಈಗ ನಾವು ಐದು ಜನ ಇದೀವಿ. ಚನ್ನಗಿರಿಯಲ್ಲಿ ಟೀಚರ್ ಆಗಿರೋ ಉಡುಪಿ ಕಡೆಯ ಕ್ಯಾಥೊಲಿಕ್ ಹುಡುಗಿ. ಅವಳ ಊರಲ್ಲಿ ವಾಳೆಯ ಪ್ರಾರ್ಥನೆ ಅಂತ ವಾರವಾರ ನೆರೆಮನೆಯವರು ಸೇರ್ತಿದ್ರಂತೆ, ಇಲ್ಲಿಗೆ ಬಂದ ಮೇಲೆ ಜಪಮಾಲೆಯನ್ನ ಗೋಡೆಗೆ ಹೇಳ್ತೀನಿ ಅಂತಿದ್ದಳು. ಜಗಳೂರಿನಲ್ಲಿ ನನ್ನ ಜಾಗಕ್ಕೆ ಬಂದ ನರ್ಸ್. ನ್ಯಾಮತಿ ತಾಂಡಾದ ಗೆಳತಿ. ನಾನು. ಮತ್ತೆ ನಮ್ಮ ಲ್ಯಾಬಿನವಳು, "ನಿಮ್ಮ ಗುಂಪಲ್ಲಿ ಹಿಂದೂ ಕೋಟಾ ನಂದೇ" ಅಂತಾಳೆ. ಎರಡನೇ ಶನಿವಾರ ಎಲ್ಲಾದ್ರೂ ಸೇರ್ತೀವಿ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಮೇಲೆ ಸರ್ಕಾರಿ ಬಸ್ಸಲ್ಲಿ ನಮಗೆ ಟಿಕೆಟ್ ಇಲ್ಲವಲ್ಲ, ಇದು ನಮ್ಮ ಗೆಳೆತನಕ್ಕೆ ಮಾಡಿದ ಉಪಕಾರ ದೊಡ್ಡದು. ತೊಂದರೆ ಏನಂದ್ರೆ ನಮ್ಮ ಕಡೆ ಖಾಸಗಿ ಬಸ್ಸೂ ಜಾಸ್ತಿ, ಕೆಂಪು ಬಸ್ಸಿಗೆ ಕಾದೂ ಕಾದೂ ಅರ್ಧ ದಿನ ಹೋಗುತ್ತೆ. ಜಗಳೂರಿನವಳು ದಾವಣಗೆರೆಯಲ್ಲಿ ಇಳಿದು ಬಸ್ ಬದಲಿಸಬೇಕು, ಪ್ರತಿ ಸಲ ತಡ.

ಹೋದ ತಿಂಗಳು ಸಂತೆಬೆನ್ನೂರಿನ ಪುಷ್ಕರಣಿಯಲ್ಲಿ ಸೇರಿದ್ವಿ. ಮೆಟ್ಟಿಲ ಮೇಲೆ ಕೂತು ಮಂಡಕ್ಕಿ, ಮಿರ್ಚಿ ತಿಂದ್ವಿ. ದೊಡ್ಡ ಚರ್ಚೆ ಏನೂ ಆಗಲಿಲ್ಲ. ನ್ಯಾಮತಿಯವಳು ಲಂಬಾಣಿ ಹಾಡೊಂದು ಹೇಳಿ ನಮಗೆಲ್ಲ ಹೆಜ್ಜೆ ಕಲಿಸೋಕೆ ಹೋದಳು. ಉಡುಪಿಯವಳು ಜಾರಿ ಬಿದ್ದಳು. ಹಾಗೆ ನಕ್ಕು ಎಷ್ಟು ದಿನ ಆಗಿತ್ತೋ!

ವಾಟ್ಸಾಪ್ ಗ್ರೂಪ್ ಮಾಡಿದ್ವಿ, ಆದರೆ ಅದರಲ್ಲಿ ಫಾರ್ವರ್ಡ್ ಹಾಕಂಗಿಲ್ಲ ಅಂತ ನಿಯಮ. ವಚನ ಬರೆದ ಗುಲಾಬಿ ಹೂವಿನ ಚಿತ್ರವೂ ಇಲ್ಲ, ಗುಡ್ ಮಾರ್ನಿಂಗೂ ಇಲ್ಲ. ಹೇಳೋದಿದ್ರೆ ಕಾಲ್ ಮಾಡಬೇಕು. ಮೊದಲ ವಾರ ಗ್ರೂಪ್ ಸತ್ತಂಗೆ ಇತ್ತು. ಎರಡನೇ ವಾರ ರಾತ್ರಿ ಹತ್ತೂವರೆಗೆ ಜಗಳೂರಿನವಳ ಕಾಲ್ ಬಂತು, "ಅಕ್ಕಾ, ಏನೂ ಇಲ್ಲ, ಸುಮ್ನೆ ಮಾಡಿದೆ" ಅಂತ. ನಿಮಗೂ ಯಾರಾದ್ರೂ "ಸುಮ್ನೆ ಮಾಡಿದೆ" ಅಂದ್ರೆ ದಯವಿಟ್ಟು ಫೋನ್ ಇಡಬೇಡಿ. ಅವತ್ತು ಅವಳು ಡ್ಯೂಟಿಯಲ್ಲಿ ಒಂದು ಮಗುವಿನ ಸಾವು ನೋಡಿ ಬಂದಿದ್ದಳು. ಅದನ್ನ ಹೇಳೋಕೆ ಅವಳಿಗೆ ನಲವತ್ತು ನಿಮಿಷ ಬೇಕಾಯ್ತು.

ಕೇಳ್ತಿರೋರಲ್ಲಿ ಕೆಲವರಿಗೆ ಇದು ಗೆಳತಿಯರಿಂದ ಮಾತ್ರ ಸರಿ ಹೋಗೋ ಹಂತ ದಾಟಿರಬಹುದು. ನಿದ್ದೆ ಬರದೆ ವಾರಗಟ್ಟಲೆ ಆಗಿದ್ರೆ, ಬದುಕೋದೇ ಬೇಡ ಅನ್ನಿಸ್ತಿದ್ರೆ, 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ. ಪ್ರಾರ್ಥನೆ ಮಾಡೋರು ಡಾಕ್ಟರ ಹತ್ರ ಹೋಗಬಾರದು ಅಂತ ಯಾರಾದ್ರೂ ಹೇಳಿದ್ರೆ, ಸುವಾರ್ತೆ ಬರೆದ ಲೂಕನ ಕೆಲಸ ಏನಾಗಿತ್ತು ಅಂತ ಅವರನ್ನೇ ಕೇಳಿ. ವೈದ್ಯ ಆಗಿದ್ದ ಆತ.

ಜಗ್ಗಿ ಮಾತಾಡಿದೆ ಅನ್ಸುತ್ತೆ. ಜಗಳೂರಿನ ಓನರ್ ಅಮ್ಮ ಮೊನ್ನೆ ಫೋನ್ ಮಾಡಿದ್ರು, ಅವರಿಗೆ ಸಕ್ಕರೆ ಕಾಯಿಲೆ ಬಂದಿದೆಯಂತೆ, ಕಜ್ಜಾಯ ತಿನ್ನಂಗಿಲ್ಲ. "ಆದ್ರೂ ಕಳಿಸ್ರಿ, ನೋಡ್ಕೊಂಡಾದ್ರೂ ಇರ್ತೀನಿ" ಅಂದ್ರು. ನರ್ಸ್ ಆಗಿ ನಾನು ಬೈದೆ. ಎರಡು ಮಾತ್ರ ಕಳಿಸ್ತೀನಿ ಅಂತ ಒಪ್ಪಂದ ಆಗಿದೆ, ಸೊಸೆಗೆ ಲೆಕ್ಕ ಹೇಳಿ. ಎಂಟು ಗಂಟೆಗೆ ನನಗೆ ಡ್ಯೂಟಿ, ಹೊರಡ್ತೀನಿ. ನಮಸ್ಕಾರ.